ಬೇರಿಂಗ್ ವಂಡಿಯ ಹಸೆ

ಮೊಮ್ಮಗಳ ಕೋಣೆಗೆ ಬಣ್ಣ ಹೊಡೆಯಲು ಬಂದವನು ಬಕೆಟ್ಟಿನಲ್ಲಿ ಪುಟ್ಟಿ ಕಲಸುತ್ತಿದ್ದ. ಒದ್ದೆ ಸುಣ್ಣದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಏಳು ವರ್ಷದ ಹುಡುಗಿಗೆ ಕೋಣೆ ತುಂಬ ಸ್ಕೇಟ್‌ಬೋರ್ಡೇ ಬೇಕಂತೆ. ಪರದೆಯ ಮೇಲೆ, ದಿಂಬಿನ ಮೇಲೆ, ಗೋಡೆಯ ಮೇಲೆ. ಅಂಟಿಸುವ ಚಿತ್ರಗಳು ಸುರುಳಿ ಸುತ್ತಿಕೊಂಡು ಆಗಲೇ ಬಂದಿದ್ದವು. "ಇಂಥ ಕೋಣೆ ನೀನು ಎಲ್ಲೂ ನೋಡಿಲ್ಲ ಅಲ್ವಾ ಅಜ್ಜಿ?" ಎಂದು ಕೇಳಿದಳು. ನೋಡಿದ್ದೆ... ಅದರಲ್ಲೇ ಮಲಗಿದ್ದೆ.

ಆಗ ನಾವು ಕೇರಳದ ಗಡಿಯ ಕಲ್ಲೂರಿನಲ್ಲಿದ್ದೆವು. ವಯನಾಡು ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಮೈಸೂರಿಗೆ ಹೋಗುವ ಲಾರಿಗಳು ಕೆಟ್ಟು ನಿಂತಲ್ಲಿ ಬಿದ್ದಿರುತ್ತಿದ್ದ ಹಳೇ ಬೇರಿಂಗುಗಳೆಂದರೆ ನಮಗೆ ಚಿನ್ನ. ಹಲಗೆಯ ಅಡಿಗೆ ಅವನ್ನು ಸಿಕ್ಕಿಸಿದರೆ ಬೇರಿಂಗ್ ವಂಡಿ. ಗಂಡುಹುಡುಗರು ಅದರ ಮೇಲೆ ಕೂತು ಇಳಿಜಾರಿನಲ್ಲಿ ಜಾರುತ್ತಿದ್ದರು. ನಾನು ಸುಮ್ಮನಿರಬೇಕಲ್ಲ! ನಿಂತುಕೊಂಡೇ ಬಿಟ್ಟೆ, ಹೋಗಿ ಗದ್ದೆಯ ಬದುವಿಗೆ ಬಿದ್ದೆ. ಕಾಲು ಮುರಿಯಿತು. ನಾಟಿ ವೈದ್ಯರು ಬಿದಿರ ಪಟ್ಟಿ ಕಟ್ಟಿ, ಎದ್ದರೆ ಜೋಕೆ ಎಂದರು. ಅಪ್ಪ ವಂಡಿಯನ್ನು ಒಲೆಗೆ ಹಾಕಿದರು.

ಪಕ್ಕದ ಮನೆಯ ದೊಡ್ಡಮ್ಮ ದಿನವೂ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ನೆಂಟಸ್ತಿಕೆಯೇನಿಲ್ಲ, ನಮ್ಮ ಹಾಗೆಯೇ ಗುಂಡ್ಲುಪೇಟೆ ಕಡೆಯಿಂದ ಬಂದ ಮನೆಯವಳು. ಒಂದು ಕಾಲಕ್ಕೆ ನಮ್ಮವರ ಯಾವ ಮದುವೆಗೂ ಅವಳೇ ಹಸೆ ಬರೆಯಬೇಕಿತ್ತು. ಗಂಡು ಹೆಣ್ಣು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಬಳ್ಳಿ, ಹೂವು, ಸೂರ್ಯ, ಚಂದ್ರ... ಅವಳು ಕೈ ಇಟ್ಟರೆ ಗೋಡೆಗೆ ಕಳೆ ಬರುತ್ತದೆ ಎನ್ನುತ್ತಿದ್ದರಂತೆ. ಆದರೆ ಹಸೆ ಬರೆಯುವುದು ಮುತ್ತೈದೆಯರ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಮತ್ತೆ ಹಿಟ್ಟು ಕಲಸಲಿಲ್ಲ.

ನನಗೆ ಇದೊಂದೂ ಗೊತ್ತಿರಲಿಲ್ಲ. "ದೊಡ್ಡಮ್ಮಾ, ನನ್ ವಂಡೀನ ಗ್ವಾಡೆ ಮೇಲೆ ಬರ್ಕೊಡು," ಎಂದು ಹಟ ಹಿಡಿದೆ.

"ಬ್ಯಾಡ ಕಣ್ ಮೋಳೇ. ನನ್ ಕೈಲಿ ಬರೆಸ್‌ಬಾರ್ದು," ಎಂದು ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಮಗಳೇ ಎನ್ನುವುದಕ್ಕೆ ಅಲ್ಲಿಯ ಮಲಯಾಳದ ಮೋಳೇ ಅವಳ ಬಾಯಿಗೆ ಹತ್ತಿತ್ತು.

ಬಾಗಿಲಲ್ಲಿದ್ದ ಅವ್ವ ಒಳಗೆ ಬಂದು, "ಮಗೀನ್ ಕ್ವಾಣೆ ತಾನೆ ಅಕ್ಕ, ಮದ್ವೆ ಗ್ವಾಡೆ ಅಲ್ವಲ್ಲ. ಬರಿ," ಎಂದಳು. ತಾನೇ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಹಾಕಿದಳು.

ಮೊದಲ ಗೆರೆಯನ್ನು ದೊಡ್ಡಮ್ಮ ಎರಡು ಸಲ ಒರೆಸಿ ಎಳೆದಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕೋಣೆಯ ಸುತ್ತ ಒಂದು ರಸ್ತೆ ಹೊರಟಿತು. ಮುತ್ತಂಗದ ಚೆಕ್‌ಪೋಸ್ಟು, ಅಲ್ಲಿ ಸೊಂಡಿಲಿನಿಂದ ಕಂಬ ಎತ್ತಿ ದಾರಿ ಬಿಡುವ ಆನೆ, ಮೂಲೆಯಲ್ಲಿ ತಿರುಗಿ ಹರಿಯುವ ಕಬಿನಿ. ನಡುವೆ ಎರಡು ಜಡೆ ಹಾರಿಸಿಕೊಂಡು ವಂಡಿಯ ಮೇಲೆ ನಿಂತ ನಾನು. ಚಕ್ರಗಳಿಗೆಂದು ಹಸೆಯ ಸೂರ್ಯನನ್ನೇ ಬರೆದಿದ್ದಳು. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲ ಬಿಲ್ಲೆಯೊಂದು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ಚಕ್ರದ ಹತ್ತಿರ ಬಂದಾಗ ವಂಡಿ ಹೊರಡುತ್ತಿತ್ತು. ನಿದ್ದೆಯೋ ಎಚ್ಚರವೋ... ಕಾಡು ದಾಟಿ, ಹೊಳೆ ದಾಟಿ ನಾನು ಹೋಗುತ್ತಲೇ ಇದ್ದೆ. ದೊಡ್ಡಮ್ಮ ಹಿಟ್ಟಿನ ಕೈ ತೊಳೆಯದೆ ಪಕ್ಕದಲ್ಲಿ ಕೂತು ಗೋಡೆ ನೋಡುತ್ತಿದ್ದಳು.

ಕಾಲು ಕೂಡಿಕೊಂಡಿತು. ವರ್ಷವರ್ಷ ಮನೆಗೆಲ್ಲ ಸುಣ್ಣ ಹೊಡೆದರೂ ಅವ್ವ ಆ ಕೋಣೆಯೊಂದನ್ನು ಬಿಡುತ್ತಿದ್ದಳು.

ನನ್ನ ಮದುವೆ ಗೊತ್ತಾದಾಗ, ಹಸೆಗೆ ಯಾರನ್ನು ಕರೆಸುವುದು ಎಂಬ ಮಾತು ಬಂತು. "ನನ್ ಹಸೆ ಆಗ್ಲೇ ಬರ್ದಾಗದೆ," ಎಂದೆ. ನೆಂಟರು ಗುಸುಗುಸು ಎಂದರು. ಅಪಶಕುನ ಎಂದು ಯಾರೋ ಬಾಯಿಬಿಟ್ಟೇ ಹೇಳಿದರು. ಅವ್ವ ಹಸೆಮಣೆ ಎತ್ತಿಕೊಂಡು ಹೋಗಿ ನನ್ನ ಕೋಣೆಯಲ್ಲಿಟ್ಟಳು. ಮದುವೆಯ ಬೆಳಿಗ್ಗೆ ನೋಡುತ್ತೇನೆ, ಗೋಡೆಯ ವಂಡಿಯಲ್ಲಿ ನನ್ನ ಹಿಂದೆ ಪೇಟ ಕಟ್ಟಿದ ಗಂಡೊಬ್ಬ ನಿಂತಿದ್ದಾನೆ! ಹಿಟ್ಟು ಇನ್ನೂ ಹಸಿ. ಎಲ್ಲರಿಗಿಂತ ಮೊದಲೇ ಬಂದು ಬರೆದುಹೋಗಿದ್ದ ದೊಡ್ಡಮ್ಮ, ಶಾಸ್ತ್ರದ ಹೊತ್ತಿಗೆ ಹೊಸ್ತಿಲಿನ ಆಚೆ ನಿಂತಿದ್ದಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ. "ವಂಡಿ ಬುಡೋಳು ನೀನೆಯ. ಅವ್ನು ಗಟ್ಟಿ ಹಿಡ್ಕಳ್ಲಿ," ಎಂದು ಅಲ್ಲಿಂದಲೇ ನಕ್ಕಳು.

ಆ ಮನೆ ಈಗಿಲ್ಲ. ಅದೇ ಜಾಗದಲ್ಲಿ ತಾರಸಿ ಮನೆ ಎದ್ದಿದೆ. ದೊಡ್ಡಮ್ಮ ಹೋಗಿಯೂ ಬಹಳ ಕಾಲವಾಯಿತು. ಕಡೆಯವರೆಗೂ ಬೇರೆ ಯಾವ ಮದುವೆಯ ಗೋಡೆಯೂ ಅವಳಿಗೆ ಸಿಗಲಿಲ್ಲ.

ಬಣ್ಣ ಒಣಗಿ ಚಿತ್ರಗಳನ್ನೆಲ್ಲ ಅಂಟಿಸಿದ ಮೇಲೂ ಮೊಮ್ಮಗಳ ಮಂಚದ ಪಕ್ಕ ಒಂದಿಷ್ಟು ಗೋಡೆ ಉಳಿಸಿಕೊಂಡಿದ್ದೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟು ಕಲಸಿ ಕೂತೆ. ನಾನು ಬರೆದ ಚಕ್ರ ಕೋಳಿಮೊಟ್ಟೆಯಾಯಿತು. ಹಲಗೆಯ ಮೇಲೆ ಮೊಮ್ಮಗಳನ್ನು ನಿಲ್ಲಿಸಿದೆ. ಅವಳ ಹಿಂದೆ, ಸೆರಗು ಹೊದ್ದ ಒಬ್ಬಳನ್ನು.

"ಇದು ನೀನಾ ಅಜ್ಜಿ?"

"ಅಲ್ಲ ಮೋಳೇ, ದೊಡ್ಡಮ್ಮ. ಹೊಸ್ಲಾಚೆ ನಿಂತಿದ್ಲು. ಒಳಕ್ಕೆ ಕರ್ಕಬಂದೆ."

ಹುಡುಗಿ ಚಿತ್ರವನ್ನು ಹತ್ತಿರದಿಂದ ನೋಡಿದಳು. "ನಾನು ಜೋರಾಗಿ ಬಿಡ್ತೀನಿ. ಗಟ್ಟಿ ಹಿಡ್ಕೊ ಅಂತ ಹೇಳು ಅವರಿಗೆ."

ಹೇಳೋಣವೆಂದರೆ ದೊಡ್ಡಮ್ಮ ಈಗ ಎಲ್ಲಿದ್ದಾಳೆ... ಗೋಡೆಯ ಮೇಲಿದ್ದವಳಿಗೇ ಹೇಳಿದೆ.