ಮೀನಿನ ಪೆಟ್ಟಿಗೆಗೆ ವಿಭೂತಿ

ಸಾಬವ್ವನ ಗಂಡ ಹುಲಿಗೆಪ್ಪ ನಳದ ಕೆಲಸದವನು. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದು ಪೈಪು ಹಿಡಿದ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಸೋರುವ ನಳ ಕಂಡರೆ ಯಾರ ಮನೆಯಲ್ಲೂ ಸುಮ್ಮನೆ ಕೂಡುವವನಲ್ಲ. ಒಮ್ಮೆ ಬೀಗರ ಮನೆಗೆ ಊಟಕ್ಕೆ ಹೋಗಿ, ಅವರ ನಳ ಬಿಚ್ಚಿ, ಇಡೀ ಓಣಿಯ ನೀರು ನಿಲ್ಲಿಸಿ ಬಂದ. ಬೀಗರು ಮತ್ತೆ ಊಟಕ್ಕೆ ಕರೆಯಲಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ಪುಣೆಯೊಳಗೆ ಕೆಲಸ ಸಿಗದಾಯಿತು. ದೂರದ ಕುರಕುಂಭದ ಕಾರ್ಖಾನೆಯಿಂದ ಕರೆ ಬಂತು. ಅಲ್ಲೇ ಷೆಡ್ಡಿನಲ್ಲಿ ಇರಬೇಕು, ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಸಾಬವ್ವ ಎರಡು ದಿನ ಮಾತು ಬಿಟ್ಟಳು.

ಅಷ್ಟರಲ್ಲಿ ಸ್ವಾರಗೇಟಿನ ಹೋಟೆಲಿನ ರಘುರಾಮ ಶೆಟ್ಟರು ಹೇಳಿ ಕಳಿಸಿದರು. ಕೈ ತೊಳೆಯುವ ಮೂಲೆಯಲ್ಲಿ ಅವರು ಗಾಜಿನ ಮೀನಿನ ಪೆಟ್ಟಿಗೆ ಇಟ್ಟಿದ್ದರು. ತಳದಿಂದ ಪಂಪಿಗೆ ಹೋಗುವ ಪೈಪು ಸೋರುತ್ತಿತ್ತು.

“ಶನಿವಾರದೊಳಗೆ ನೆಲ ಒಣಗಬೇಕು ಮಾರಾಯ. ಒಣಗಿದರೆ ಕೊಂಢವಾದಲ್ಲಿ ಕಟ್ಟುವ ಲಾಡ್ಜಿನ ನಳದ ಕೆಲಸ ಪೂರಾ ನಿನಗೇ.”

“ಒಣಗ್ತದ ಬಿಡ್ರಿ ಶೆಟ್ರ.”

ಬೇರೆ ಪೈಪಾದರೆ ಹುಲಿಗೆಪ್ಪ ನಾರು ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಮೆತ್ತುತ್ತಿದ್ದ. ಅದು ನೀರಿಗಿಳಿದರೆ ಮೀನು ಸಾಯುತ್ತವೆ. ಅದಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ವಾಶರ್ ಮಾಡಿ ಬಿಗಿದ. ಆಮೇಲೆ ಜೇಬಿನಿಂದ ವಿಭೂತಿ ಡಬ್ಬಿ ತೆಗೆದು ಜೋಡಣೆಯ ಸುತ್ತ ಪುಡಿ ಉದುರಿಸಿದ. ಹಸಿ ಇದ್ದಲ್ಲಿ ವಿಭೂತಿ ಕಪ್ಪಾಗುತ್ತದೆ. ಅದೇ ಅವನ ಪರೀಕ್ಷೆ. ಒಂದು ತಾಸು ಕೂತ. ಬೆಳ್ಳಗೇ ಇತ್ತು.

ಮರುದಿನ ಹೋದರೆ ನೆಲವೆಲ್ಲ ನೀರು. ವಿಭೂತಿಯೂ ತೊಳೆದುಹೋಗಿತ್ತು. ಪೈಪಿನ ಮೇಲೆ ಒಂದು ಚೆಂಡು ಹೂವು ಬೇರೆ. ಶೆಟ್ಟರ ಹೆಂಡತಿ ಲೀಲಾಕ್ಷಮ್ಮ ಇಟ್ಟಿರಬೇಕೆಂದು ಪಕ್ಕಕ್ಕೆ ಸರಿಸಿದ. ಹೊಸ ವಾಶರ್ ಹಾಕಿದ, ವಿಭೂತಿ ಉದುರಿಸಿದ. ಒಣಗಿತ್ತು. ಸಂಜೆ ಮತ್ತೆ ನೀರು. ಈ ಸಲ ಎರಡು ಹೂವು, ಒಂದು ಊದಿನಕಡ್ಡಿ.

“ನಿನಗೆ ಕುರಕುಂಭವೇ ಸರಿ,” ಎಂದರು ಶೆಟ್ಟರು.

ಶನಿವಾರ ಮಧ್ಯಾಹ್ನ ಸಾಬವ್ವ ರೊಟ್ಟಿ ತಂದಳು. ಹುಲಿಗೆಪ್ಪ ಟ್ಯೂಬು ತರಲು ಹೋಗಿದ್ದ. ಅವಳು ಮೂಲೆಯ ಬೆಂಚಿನ ಮೇಲೆ ಕೂತಳು. ದಿನಾ ಉಣ್ಣಲು ಬರುವ ದಿಗಂಬರ ಮಾಸ್ತರು ಊಟ ಮುಗಿಸಿ ಬಂದರು. ಬೆಳಗಾವಿಯಲ್ಲಿ ಇಪ್ಪತ್ತು ವರ್ಷ ಕಲಿಸಿದವರು. ಚಪ್ಪಲಿ ಬಿಟ್ಟರು, ಕೈ ಮುಗಿದರು. ಕೈಯಲ್ಲಿದ್ದ ಅರ್ಧ ಗ್ಲಾಸು ನೀರನ್ನು ಪೈಪಿನ ಮೇಲೆ ಸುರಿದರು.

“ಯಪ್ಪಾ! ಏನ ಮಾಡಾಕತ್ತೀರಿ ಮಾಸ್ತರ್ರ?”

“ಅಭಿಷೇಕ, ತಂಗಿ. ವಿಭೂತಿ ಹಚ್ಚ್ಯಾರ, ನೀರು ಹಾಕಬ್ಯಾಡೇನು? ನಮ್ಮ ಟೇಬಲಿನವರೆಲ್ಲ ದಿನಾ ಹಾಕ್ತೀವಿ.”

“ಅಲ್ಲಿ ದೇವರು ಎಲ್ಲಿ ಅದಾನ್ರಿ?”

“ಒಳಗ ಈಜಾಡಾಕತ್ತಾನಲ್ಲ! ಮತ್ಸ್ಯಾವತಾರ.”

“ವಿಷ್ಣುಗ ವಿಭೂತಿ ಯಾರು ಹಚ್ತಾರ್ರಿ?”

ಮಾಸ್ತರು ಗಾಜಿನೊಳಗೆ ಇಣುಕಿದರು. “ಹಂಗಾದ್ರ ಹರಿಹರ ಇರಬೇಕು.”

ಮಾಣಿಗಳನ್ನು ಕೇಳಿದರೆ, ಶೆಟ್ಟರೇ ದೇವರು ಕೂಡಿಸಿದ್ದಾರೆ ಎಂದುಕೊಂಡಿದ್ದೆವು ಎಂದರು. ಸಾಬವ್ವ ನೆಲ ಒರೆಸಿದಳು, ಜೋಡಣೆ ಒರೆಸಿದಳು. ರೊಟ್ಟಿಗಂಟು ಮಡಿಲಲ್ಲಿಟ್ಟು ಪೆಟ್ಟಿಗೆಗೆ ಅಡ್ಡ ಕೂತಳು. ಯಾರು ಗ್ಲಾಸು ಹಿಡಿದು ಬಂದರೂ ಬೈದು ಕಳಿಸಿದಳು. ಹುಲಿಗೆಪ್ಪ ಬಂದಾಗ ಆದದ್ದು ಹೇಳಿದಳು. ಅವನು ತಂದ ಟ್ಯೂಬು ಕೆಳಗಿಟ್ಟ. ಡಬ್ಬಿ ತೆಗೆದು ಉದುರಿಸಿದ.

ಸಂಜೆಗೂ ಬೆಳ್ಳಗೇ ಇತ್ತು. ಶೆಟ್ಟರು ಬಗ್ಗಿ ನೆಲ ಮುಟ್ಟಿ ನೋಡಿ ನಕ್ಕರು.

“ಕೆಲಸ ನಿನ್ನದು. ಆದರೆ ಕೊಂಢವಾಕ್ಕೆ ಬರುವಾಗ ಆ ಡಬ್ಬಿ ತರಬೇಡ.”

ತಂದೇ ತಂದ. ಎಂಟು ವರ್ಷ ದಿನಾ ಸಂಜೆ ಮನೆಗೆ ಬಂದು ಉಂಡ. ಎಂಬತ್ತೊಂಬತ್ತರಲ್ಲಿ ತೀರಿಕೊಂಡ.

ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಮನೆಯ ನಳ ಅವನೇ ಕೂಡಿಸಿದ್ದು. ಸಾಬವ್ವ ಆಗಾಗ ಅದಕ್ಕೆ ಒಂದು ಚಿಟಿಕೆ ಉದುರಿಸಿ ಕೂರುತ್ತಾಳೆ. ಇನ್ನೂ ಬೆಳ್ಳಗೇ ಇದೆ.