ಮುನಿಸ್ವಾಮಿಯ ಹ್ಞೂಂ

ಶೇಷಾದ್ರಿಪುರಂನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಸ ಗುಡಿಸುತ್ತಿದ್ದ ಮುನಿಸ್ವಾಮಿ ಓದಿದ್ದು ನಾಲ್ಕನೇ ಕ್ಲಾಸು. ಓಕಳಿಪುರಂನಿಂದ ನಡೆದು ಬಂದು, ಬೀಗ ತೆಗೆದು, ನೆಲ ಒರೆಸಿ, ಮಿಕ್ಕ ಹೊತ್ತಿನಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಬಗ್ಗೆ ಯಾರೋ ಬಿಸಾಡಿದ ಪುಸ್ತಕವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದ. ಆರು ವರ್ಷದಲ್ಲಿ ಅದನ್ನು ಅರೆದು ಕುಡಿದಿದ್ದ. ಅವನ ಕಣ್ಣೆಲ್ಲ ಮೇಷ್ಟ್ರ ಕುರ್ಚಿಯ ಮೇಲೆ.

೨೦೦೧ರಲ್ಲಿ ಹೊಸ ಸರ್ವರ್ ಬಂತು. ಲಿನಕ್ಸ್ ಹಾಕಿದರೂ ಅದು ಏಳಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಆ ಡಿಸ್ಕಿನ ಪರಿಚಯವಿರಲಿಲ್ಲ. ಕರ್ನಲನ್ನೇ ಪಕ್ಕದ ಮಷೀನಿನಲ್ಲಿ ಹೊಸದಾಗಿ ಕಟ್ಟಿ, ಫ್ಲಾಪಿಯಲ್ಲಿ ತರಬೇಕು. ಅದು ಗೊತ್ತಿದ್ದವನು ಮುನಿಸ್ವಾಮಿ ಒಬ್ಬನೇ.

"ಇದು ಎದ್ರೆ ಕುರ್ಚಿ ನಿಂದೇ ಕಣಯ್ಯ," ಎಂದ ಮಾಲೀಕ ನಂದೀಶ್. "ಆದ್ರೆ ಕೀಬೋರ್ಡ್ ಮುಟ್ಬೇಡ. ಪೊರಕೆ ಹಿಡಿಯೋ ಕೈ. ಗೋದಾ ಒತ್ತಲಿ."

ಗೋದಾ ಹೊಸದಾಗಿ ಕೆಲಸಕ್ಕೆ ಸೇರಿದ್ದ ಪದವೀಧರೆ. ಅವಳ ಹಿಂದೆ ಮುನಿಸ್ವಾಮಿ ಕೈಕಟ್ಟಿ ನಿಂತ, ಸುತ್ತ ಕ್ಲಾಸಿನ ಹುಡುಗರು. ಯಂತ್ರದ ಒಂದೊಂದು ಭಾಗವನ್ನು ಕರ್ನಲ್‌ಗೆ ಪರಿಚಯಿಸುವ ತುಣುಕು ಡ್ರೈವರ್; ಪರದೆ ಕೇಳುವ ಪ್ರತಿ ಡ್ರೈವರಿಗೂ ಮೂರು ಉತ್ತರ: ಕರ್ನಲ್‌ನೊಳಗೇ ಬೆಸೆಯಲು ವೈ, ಡಿಸ್ಕಿನ ಮೇಲೆ ಬಿಡಿಯಾಗಿಡಲು ಎಂ, ಬೇಡವಾದರೆ ಎನ್. ಅವಳು ಹೆಸರು ಓದುವಳು, ಇವನು ಅಕ್ಷರ ಹೇಳುವನು. ಡಿಸ್ಕಿನ ಸರದಿ ಬಂದಾಗ "ಇದು ಒಳಗೇನಾ?" ಎಂದು ಕೇಳಿದಳು. ಆಗಲೇ ನಂದೀಶ್ ಒಳಗೆ ಬಂದ. ಯಜಮಾನರೆದುರು ಬಾಯಿ ತೆರೆಯದವನು ಮುನಿಸ್ವಾಮಿ. ತುಟಿ ಬಿಚ್ಚದೆ ಮೂಗಿನಲ್ಲೇ "ಹ್ಞೂಂ" ಎಂದ.

ಫ್ಲಾಪಿ ತುರುಕಿದರು. ಸರ್ವರ್ ಅರ್ಧಕ್ಕೇ ಉಸಿರುಗಟ್ಟಿ ನಿಂತಿತು.

"ರೂಟ್ ಸಿಗ್ತಿಲ್ವಂತೆ," ಎಂದು ನಂದೀಶ್, ಡಿಸ್ಕಿನ ಬುಡಕ್ಕೆ ಲಿನಕ್ಸ್ ಇಟ್ಟ ಹೆಸರನ್ನು ಪರದೆಯಲ್ಲಿ ಓದಿದ. "ಓಕಳಿಪುರಂ ರೂಟಾದ್ರೂ ನೆನಪಿದೆಯೇನಯ್ಯ?"

ಕ್ಲಾಸೆಲ್ಲ ನಕ್ಕಿತು. ಮುನಿಸ್ವಾಮಿಗೆ ತಪ್ಪು ಹೊಳೆಯಿತು: ಡಿಸ್ಕ್ ತೆರೆಯುವ ಡ್ರೈವರ್ ಆ ಡಿಸ್ಕಿನೊಳಗೇ ಕೂತಿದೆ. ಬೀಗದಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

"ಮೇಡಂ, ಡಿಸ್ಕಿಗೆ ಏನು ಒತ್ತಿದ್ರಿ?"

"ನೀವೇ ಎಂ ಅಂದ್ರಲ್ಲ."

"ನಾನು ಹ್ಞೂಂ ಅಂದೆ, ಮೇಡಂ. ಅಲ್ಲಿ ವೈ ಒತ್ಬೇಕು."

"ನೋಡಮ್ಮ, ಡಿಗ್ರಿ ಮಾಡಿದ ನಿನ್ ಕಿವೀನೇ ಸರಿಯಿಲ್ವಂತೆ," ಎಂದ ನಂದೀಶ್. ಗೋದಾ ಕರ್ನಲನ್ನು ಮತ್ತೆ ಕಟ್ಟತೊಡಗಿ, ಡಿಸ್ಕಿಗೆ ವೈ ಒತ್ತಿದಳು. ಎರಡು ಗಂಟೆಯಲ್ಲಿ ಸರ್ವರ್ ಎದ್ದಿತು.

"ನೋಡ್ರೋ, ಓದಿದವರು ಕೈಯಿಟ್ರೆ ಹೀಗೆ. ಮುನಿಸ್ವಾಮಿ, ಮೇಡಂಗೆ ಆ ಮೇಷ್ಟ್ರ ಕುರ್ಚಿ ಒರೆಸಿ ಕೊಡು," ಎಂದ ನಂದೀಶ್.

ಅವನು ಹೆಗಲ ಮೇಲಿನ ಬಟ್ಟೆಯಲ್ಲಿ ನಾಲ್ಕೂ ಕಾಲು ಬಿಡದೆ ಒರೆಸಿದ. ಗೋದಾ ಕೂತಳು.

ಆಮೇಲೆ ಏಳು ವರ್ಷ ಅಲ್ಲೇ ದುಡಿದ. ಅವನ ಬಾಯಲ್ಲಿ ಮತ್ತೆ ಹ್ಞೂಂ ಬರಲಿಲ್ಲ.

"ಟೀ ತರ್ತೀಯೇನಯ್ಯ?" ಎಂದು ನಂದೀಶ್ ಬೇಕೆಂದೇ ಎಲ್ಲರೆದುರು ಕೇಳುತ್ತಿದ್ದ.

"ವೈ," ಎನ್ನುತ್ತಿದ್ದ ಮುನಿಸ್ವಾಮಿ, ಬಾಯಿ ಅಗಲವಾಗಿ ತೆರೆದು.