ಅವ್ವನ ಹೆಜ್ಜೆ ಕಾಣುವ ನೀರು

ರಾಣೆಬೆನ್ನೂರಿನಲ್ಲಿ ಮನೆಯ ಹಿಂದೆ ಈಜುಕೊಳ ಕಟ್ಟಿಸಿದ ಬೀಜದ ವ್ಯಾಪಾರಿ ನಾನು ಎಂದರೆ, ನನ್ನ ಬುದ್ಧಿ ಎಂಥದ್ದು ಎಂದು ಅರ್ಧ ಹೇಳಿದಂತಾಯಿತು. ಎಲ್ಲರ ಕೈಗೂ ಹೊಸದಾಗಿ ಮೊಬೈಲು ಬರುತ್ತಿದ್ದ ವರ್ಷಗಳು ಅವು. ಹತ್ತಿ ಬೀಜದ ವ್ಯಾಪಾರ ಎರಡು ಹಂಗಾಮು ಕೈಹಿಡಿದಿತ್ತು. ಹೊಸ ಮನೆಯ ಹಿತ್ತಲಿನಲ್ಲಿ ಹನ್ನೆರಡು ಹೆಜ್ಜೆ ಉದ್ದದ ಕೊಳ ತೋಡಿಸಿ, ನೀಲಿ ಟೈಲ್ಸ್ ಹಾಕಿಸಿದೆ. ಓಣಿಯವರು ಅದನ್ನು ಹೊಂಡ ಎಂದರು. ನನ್ನ ಹೆಂಡತಿ ಮೊದಲ ಬೇಸಿಗೆಯಲ್ಲಿ ಅದರ ಕಟ್ಟೆಯ ಮೇಲೆ ಹಪ್ಪಳ ಒಣಗಿಸಿದಳು. ಅದಕ್ಕೊಂದು ಖರೇ ಉಪಯೋಗ ಬಂದದ್ದು ಅವ್ವನ ಮೊಣಕಾಲಿನ ಆಪರೇಶನ್ ಆದಮೇಲೆ.

ದಿನಾ ಸೊಂಟಮಟ್ಟ ನೀರಿನಲ್ಲಿ ನಡೆಯಬೇಕು, ಈ ಒಂದೂವರೆ ತಿಂಗಳಲ್ಲಿ ಕಾಲು ಮಡಚದಿದ್ದರೆ ಆಮೇಲೆ ಅದು ಹಾಗೇ ಬಿಗಿದುಬಿಡುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವ್ವ ಆ ಕಾಲನ್ನು ತನ್ನದೆಂದು ಒಪ್ಪಿಕೊಂಡೇ ಇರಲಿಲ್ಲ. ‘ಡಾಕ್ಟರನ ಕಾಲು ಇವತ್ತು ಭಾಳ ಜಡ ಐತಿ’ ಎನ್ನುತ್ತಿದ್ದಳು, ಯಾರದೋ ಎತ್ತನ್ನು ನಮ್ಮ ಅಂಗಳದಲ್ಲಿ ಕಟ್ಟಿಹಾಕಿದಂತೆ. ಆದರೂ ದಿನಾ ಬೆಳಗ್ಗೆ ಸೀರೆ ಎತ್ತಿ ಕಟ್ಟಿ, ನನ್ನ ಹೆಂಡತಿಯ ಕೈಹಿಡಿದು ನೀರಿಗಿಳಿಯುತ್ತಿದ್ದಳು. ಕಣ್ಣೆಲ್ಲ ಕೆಳಗೆ, ತನ್ನ ಪಾದಗಳ ಮೇಲೆ. ದೀಪಾವಳಿಯ ಹೊತ್ತಿಗೆ ಅರ್ಧ ಕೊಳ ನಡೆದು ತಿರುಗಿ ಬರುವಷ್ಟಾಗಿತ್ತು.

ನೀರು ತುಂಬುವ ಹಬ್ಬದ ದಿನ ಹಂಡೆ ಕೊಡಗಳನ್ನೆಲ್ಲ ತಿಕ್ಕಿ ಹೊಸ ನೀರು ತುಂಬಿ, ಹಿಂಡಲಕಾಯಿ ಬಳ್ಳಿ ಸುತ್ತಿದ್ದಾಯಿತು. ಅವ್ವ ಕೊಳದ ನಳಕ್ಕೂ ಒಂದೆಳೆ ಬಳ್ಳಿ ಕಟ್ಟಿಸಿದಳು. ಅಷ್ಟರಲ್ಲಿ ಬ್ಯಾಡಗಿಯಿಂದ ನನ್ನ ಇಬ್ಬರು ಭಾವಂದಿರು, ಅಕ್ಕಂದಿರ ಗಂಡಂದಿರು, ಹಬ್ಬಕ್ಕೆ ಬಂದರು. ಇಬ್ಬರೂ ಮೆಣಸಿನಕಾಯಿ ವ್ಯಾಪಾರಸ್ಥರು, ಇಬ್ಬರಿಗೂ ಸ್ವಂತ ಮನೆಯಲ್ಲಿ ಕೊಳವಿಲ್ಲ. ನನಗೆ ಇನ್ನೇನು ಬೇಕು?

ಮರುದಿನ ನಸುಕಿನಲ್ಲಿ ಅಳಿಯಂದಿರಿಗೆ ಎಣ್ಣೆ ಹಚ್ಚಿ ಆರತಿ ಮಾಡಿದರು. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ‘ಬಚ್ಚಲ ಯಾಕ್ರಿ, ಬರ್ರಿ ಹಿತ್ತಲಕ’ ಎಂದು ಇಬ್ಬರನ್ನೂ ಎಳೆದುಕೊಂಡು ಹೋದೆ. ಮೂವರೂ ತಲೆಯಿಂದ ಹಿಮ್ಮಡಿಯವರೆಗೆ ಕೊಬ್ಬರಿ ಎಣ್ಣೆ ಸುರಿಸುತ್ತ ಧುಮುಕಿದೆವು. ಮೆಟ್ಟಿಲ ಮೇಲೆ ಕೂತು ಬೋಗುಣಿಗಟ್ಟಲೆ ಕಡಲೆಹಿಟ್ಟು ತಿಕ್ಕಿಕೊಂಡೆವು, ಮತ್ತೆ ಮುಳುಗಿದೆವು. ‘ಎಣ್ಣಿ ಜಳಕ ಅಂದ್ರ ಹಿಂಗಿರಬೇಕು ನೋಡ್ರಿ, ಮಾವನ ಮನ್ಯಾಗ’ ಎಂದರು ದೊಡ್ಡ ಭಾವ. ನನಗೆ ಜನ್ಮ ಸಾರ್ಥಕವಾದಷ್ಟು ಸಂತೋಷವಾಯಿತು.

ಮಧ್ಯಾಹ್ನಕ್ಕೆ ಕೊಳದ ನೀರು ಅಂಬಲಿಯಾಗಿತ್ತು. ಸಂಜೆ ಅವ್ವ ಬಂದು ನೋಡಿದಳು. ಗುತ್ತಲದ ಹೊಳೆದಂಡೆಯಲ್ಲಿ ಬೆಳೆದವಳು ಅವಳು.

‘ತಳಾ ಕಾಣದ ನೀರಾಗ ನಾ ಇಳಿಯಂಗಿಲ್ಲ’ ಎಂದಳು. ‘ಹೆಜ್ಜಿ ಎಲ್ಲಿ ಬೀಳ್ತೈತಿ ಅಂತ ಕಾಣಬೇಕು.’

ಕೊಳ ಕಟ್ಟಿದ ಹುಬ್ಬಳ್ಳಿಯವರಿಗೆ ಫೋನು ಹಚ್ಚಿದೆ. ಎಣ್ಣೆ, ಹಿಟ್ಟಿನ ಸುದ್ದಿ ಎತ್ತಲಿಲ್ಲ, ಮರ್ಯಾದೆ ಪ್ರಶ್ನೆ. ‘ಕ್ಲೋರಿನ್ ಹಾಕ್ರಿ, ಮೋಟರ್ ಬಂದ್ ಮಾಡಬ್ಯಾಡ್ರಿ’ ಎಂದರು. ಹಬ್ಬದ ಗದ್ದಲದಲ್ಲಿ ಕ್ಲೋರಿನ್ ಸಿಗಲಿಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸಿಕ್ಕಿತು, ಒಂದು ಚೀಲ ಸುರಿದೆ. ನಮ್ಮದು ಬೋರಿನ ಗಡಸು ನೀರು, ಪೌಡರಿನಲ್ಲೂ ಸುಣ್ಣ. ಅಂಬಲಿ ಹೋಗಿ ಹಾಲಾಯಿತು. ಮರುದಿನ ಇನ್ನೊಂದು ಚೀಲ ಸುರಿದೆ, ಹಾಲು ಗಟ್ಟಿಯಾಯಿತು. ಹೀಗೆ ಒಂದು ವಾರ. ಮೋಟಾರು ಹಗಲೂ ರಾತ್ರಿ ಗುರ್ರೆನ್ನುತ್ತಿತ್ತು, ನಾನೂ ಅದರ ಜೊತೆಗೆ. ಅವ್ವ ಒಳಗೆ ಮಂಚದ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಮಡಚಲು ಹೋದರೆ ಮೊದಲಿನಷ್ಟು ಮಡಚುತ್ತಿರಲಿಲ್ಲ. ನನ್ನ ಶೋಕಿಗೆ ಅವಳ ಕಾಲು ಹೋಗುತ್ತಿದೆ ಎಂದು ಗೊತ್ತಿತ್ತು, ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಎಂಟನೆಯ ದಿನ ಅವ್ವನೇ ಪಟಕದ ಮಾತು ತೆಗೆದಳು. ಗಡ್ಡ ಕೆರೆದಮೇಲೆ ಕ್ಷೌರದವರು ಗಲ್ಲಕ್ಕೆ ತಿಕ್ಕುತ್ತಾರಲ್ಲ, ಆ ಬಿಳಿ ಹರಳು. ಮಳೆಗಾಲದಲ್ಲಿ ತುಂಗಭದ್ರೆಯ ಕೆಂಪು ನೀರನ್ನು ಅವಳ ತವರಲ್ಲಿ ಅದರಿಂದಲೇ ತಿಳಿ ಮಾಡುತ್ತಿದ್ದರಂತೆ. ನಾನು ಒಂದು ಕೊಡದ ಲೆಕ್ಕವನ್ನು ಕೊಳಕ್ಕೆ ಗುಣಿಸಿ, ಕಿರಾಣಿ ಅಂಗಡಿಯಲ್ಲಿದ್ದ ಪಟಕವನ್ನೆಲ್ಲ ತಂದು ಕುಟ್ಟಿ, ಬಕೆಟ್ಟಿನಲ್ಲಿ ಕರಗಿಸಿ ಸುರಿದೆ. ಬಿದಿರಿನ ಗಳದಿಂದ ತಿರುವಿದೆ. ಮೋಟಾರು ಮಾತ್ರ ನಿಲ್ಲಿಸಲಿಲ್ಲ. ನಿಂತ ನೀರು ನಿಂತಲ್ಲೇ ಕೊಳೆಯುತ್ತದೆ ಎಂಬುದು ನನ್ನ ವಾದ. ಎರಡು ದಿನ ಕಳೆದರೂ ನೀರು ಹಾಗೇ ಇತ್ತು.

‘ಮನಿ ಔಷಧ ಹಿಂಗ’ ಎಂದೆ ಅವ್ವನಿಗೆ.

ಮೂರನೆಯ ದಿನ ಬೆಳಗ್ಗೆ, ಲೈಸೆನ್ಸಿನ ಕೆಲಸಕ್ಕೆ ಹಾವೇರಿಗೆ ಹೊರಟಿದ್ದೆ. ಕರೆಂಟು ಹೋಯಿತು. ಕಂಬದ ಕೆಲಸ ನಡೆದಿದೆ, ಸಂಜೆವರೆಗೂ ಬರುವುದಿಲ್ಲ ಎಂದರು. ಮೋಟಾರು ನಿಂತಿತು. ಇನ್ನೇನು ಉಳಿಯಿತು ಎಂದು ಹೆಂಡತಿಯ ಮೇಲೆ ಹಾರಾಡಿ, ಬಸ್ಸು ಹತ್ತಿದೆ. ಹಾವೇರಿಯಲ್ಲಿ ಸಾಹೇಬರು ಬರುವವರೆಗೆ ಕಾಯುತ್ತ, ಬೇಸರಕ್ಕೆ ಇನ್ನೊಂದು ಚೀಲ ಬ್ಲೀಚಿಂಗ್ ಪೌಡರ್ ಕೊಂಡೆ. ಸಂಜೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹಿತ್ತಲಿಗೆ ಬಂದರೆ, ಅವ್ವ ಕೊಳದ ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವಳ ಊರುಗೋಲು ಮೋಟಾರಿನ ಗೂಡಿನ ಬಾಗಿಲಿಗೆ ಅಡ್ಡ.

‘ಚೀಲ ಅಲ್ಲೇ ಇಳಸು’ ಎಂದಳು. ‘ಸಪ್ಪಳ ಮಾಡದ ಬಂದು ನೋಡು.’

ನೀಲಿ ಟೈಲ್ಸ್ ಕಾಣುತ್ತಿದ್ದವು. ಅವುಗಳ ಮೇಲೆ ಹತ್ತು ದಿನದ ಎಣ್ಣೆ, ಹಿಟ್ಟು, ಸುಣ್ಣ ಎಲ್ಲವೂ ಬೂದಿಯ ಹಾಗೆ ಕೂತಿತ್ತು. ಅಷ್ಟರಲ್ಲಿ ಮನೆಯ ದೀಪಗಳು ಹತ್ತಿದವು. ಮೋಟಾರು ಇನ್ನೇನು ಗುರ್ರೆಂದು ಎಲ್ಲವನ್ನೂ ಕಲಕಿಬಿಡುತ್ತದೆ ಎಂದು ಓಡಿದೆ. ಅದು ಸುಮ್ಮನಿತ್ತು.

‘ಅತ್ತಿ ಮಧ್ಯಾಹ್ನನ ಸ್ವಿಚ್ ಬಂದ್ ಮಾಡ್ಸ್ಯಾರ್ರಿ’ ಎಂದಳು ಹೆಂಡತಿ.

‘ಪಟಕ ಹಾಕಿ ತಿರುವಿದ ಮ್ಯಾಲೆ ಕೊಡ ಅಲುಗಾಡಸ್ತಾರೇನೋ ತಮ್ಮಾ?’ ಎಂದು ಅವ್ವ ಕೇಳಿದಳು. ‘ನಿನಗ ಅಷ್ಟೂ ತಿಳೀಲಿಲ್ಲ ಅಂತ ನನಗೇನು ಗೊತ್ತು?’

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಆಗಲೇ ಎಣ್ಣೆಯ ಸುದ್ದಿಯನ್ನು ಫೋನಿನಲ್ಲಿ ಮುಚ್ಚಿಟ್ಟದ್ದನ್ನೂ ಒಪ್ಪಿಕೊಂಡೆ. ಮರುದಿನ ಬೆಳಗ್ಗೆ ಉದ್ದದ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿ ತಳಕ್ಕಿಟ್ಟು, ಇನ್ನೊಂದನ್ನು ತಗ್ಗಿನ ಗಟಾರಕ್ಕೆ ಬಿಟ್ಟೆವು. ತಳದ ರಾಡಿ ತಾನೇ ಹೊರಗೆ ಹರಿಯಿತು. ‘ಸಾವಕಾಶ ರೀ, ಕಸಬರಿಗಿ ಹಂಗ ಎಳೀಬ್ಯಾಡ್ರಿ’ ಎಂದು ಹೆಂಡತಿ ಇಪ್ಪತ್ತು ಸಲ ಹೇಳಿದಳು. ನನ್ನ ಜನ್ಮದಲ್ಲಿ ಅಷ್ಟು ನಿಧಾನವಾಗಿ ಇನ್ನೊಂದು ಕೆಲಸ ಮಾಡಿಲ್ಲ. ಕಡಿಮೆಯಾದಷ್ಟು ನೀರನ್ನು ಬೋರಿನಿಂದ ತುಂಬಿ, ಪೌಡರಿನ ಘಾಟು ಹೋಗಲೆಂದು ಎರಡು ದಿನ ಬಿಸಿಲಿಗೆ ಬಿಟ್ಟೆವು.

ಮೂರನೆಯ ಬೆಳಗ್ಗೆ ಅವ್ವ ಇಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ಆಮೇಲೆ ಹೆಂಡತಿಯ ಕೈಹಿಡಿದು ನಡೆದಳು. ಮೊದಲು ಕಾಲು ಎಳೆಯುತ್ತಿತ್ತು. ನಾಲ್ಕು ಹೆಜ್ಜೆಯ ಮೇಲೆ ಮೊಣಕಾಲು ಮೆಲ್ಲಗೆ ಮಡಚಿತು, ಮತ್ತೆ ಮಡಚಿತು. ಕೊಳದ ನಡುವೆ ಎಲ್ಲೋ ಅವಳ ಕೈ ಹೆಂಡತಿಯ ಕೈಯಿಂದ ಜಾರಿತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ, ಕಟ್ಟೆಯ ಮೇಲೆ ಕೂತಿದ್ದ ನನಗೆ ಕಂಡಿತು. ಹನ್ನೆರಡು ಹೆಜ್ಜೆ ಮುಗಿಸಿ ಆ ಕಡೆಯ ಗೋಡೆ ಮುಟ್ಟಿ ಅವಳು ತಿರುಗಿದಳು.

‘ಕಾಲು ನೋಯಾಕತ್ತೈತಿ’ ಎಂದಳು.

‘ಯಾವುದು ಅತ್ತಿ, ಡಾಕ್ಟರನ ಕಾಲೇನ್ರಿ?’ ಎಂದು ಕೇಳಿದಳು ಹೆಂಡತಿ.

‘ಡಾಕ್ಟರಂದ್ಯಾಕ? ನಂದು.’

ಮೋಟಾರು ಹಚ್ಚಲು ಎದ್ದಿದ್ದ ನಾನು ಮತ್ತೆ ಸುಮ್ಮನೆ ಕೂತುಬಿಟ್ಟೆ.